ಕಚೇರಿಯ ವಿದ್ಯೆಯೂ ಅದರ ಸಾಧನಗಳೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶಾಸ್ತ್ರವಿಚಾರಕ್ಕೂ ಶರಣಚರಿತ್ರೆಯ ಶ್ರವಣಕ್ಕೂ ಒಗ್ಗಿದ ಈ ಸಭೆಯಲ್ಲಿ ಕಚೇರಿಯ ಬರವಣಿಗೆ, ಲೆಕ್ಕ, ಕಡತ ಇವುಗಳ ಮಾತು ಬಂದಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಲೆಕ್ಕವನ್ನು ನೋಡಿದವರೆಂಬುದನ್ನು ನೆನೆದರೆ ಆ ವೈಚಿತ್ರ್ಯವು ಉಳಿಯಲಾರದು. ಕರಣಿಕನ ಕೆಲಸವು ಕೀಳೆಂಬ ಭಾವನೆಗೆ ಈ ಪೀಠದ ಮುಂದೆ ಎಡೆಯಿಲ್ಲ. ಎಡೆಯಿರುವುದು ಬೇರೊಂದು ಪ್ರಶ್ನೆಗೆ. ಆ ಕೆಲಸವನ್ನು ಕಲಿಸುತ್ತೇವೆಂದು ಹೇಳುವ ಶಾಲೆಗಳಲ್ಲಿ ಕಲಿಯುವುದಕ್ಕೆ ಬೇಕಾದ ಸಾಧನಗಳಿವೆಯೆ? ಇಲ್ಲದಿದ್ದರೆ ಅದರ ನಷ್ಟವನ್ನು ಹೊರುವವರು ಯಾರು?

ಮೇಗರವಳ್ಳಿಯ ಸುತ್ತಮುತ್ತ ಈಗ ಪದವಿಯನ್ನು ಪಡೆದ ಮಕ್ಕಳಿರುವ ಮನೆಗಳು ವಿರಳವಲ್ಲ. ವಾಣಿಜ್ಯಶಾಸ್ತ್ರದ ಪದವೀಧರರು, ವ್ಯವಹಾರ ನಿರ್ವಹಣೆಯ ಪದವೀಧರರು, ಪಾಲಿಟೆಕ್ನಿಕ್ಕುಗಳಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಎಂಬ ಡಿಪ್ಲೊಮಾವನ್ನು ಮುಗಿಸಿದವರು, ಹೀಗೆ ಹಲವು ಬಗೆಯವರುಂಟು. ಇವರಲ್ಲಿ ಅನೇಕರಿಗೆ ತಂದೆತಾಯಿಗಳು ತೋಟದ ಕೂಲಿಯಿಂದಲೋ ಅಡಿಕೆ ಸುಲಿದ ಹಣದಿಂದಲೋ ಓದಿಸಿದ್ದಾರೆ. ಪ್ರಶಸ್ತಿಪತ್ರವು ಬಂದ ದಿನ ಮನೆಯಲ್ಲಿ ಪಾಯಸವಾಗುತ್ತದೆ. ಆಮೇಲೆ ಶಿವಮೊಗ್ಗೆಯಲ್ಲಿಯೋ ಬೆಂಗಳೂರಿನಲ್ಲಿಯೋ ಒಂದು ಕಚೇರಿಯ ಬಾಗಿಲಿಗೆ ಹೋದಾಗ, ಒಳಗಿರುವವರು ಆ ಪತ್ರವನ್ನು ಪಕ್ಕಕ್ಕಿಟ್ಟು, ಒಂದು ಯಂತ್ರದ ಮುಂದೆ ಕೂರಿಸಿ, "ಈ ಕಾಗದಕ್ಕೆ ಒಂದು ಉತ್ತರವನ್ನು ಸಿದ್ಧಪಡಿಸಿರಿ" ಎನ್ನುತ್ತಾರೆ. ಅಲ್ಲಿ ಕೈ ನಡುಗುತ್ತದೆ. ಬುದ್ಧಿಯ ಕೊರತೆಯಿಂದ ನಡುಗುವುದಲ್ಲ, ಕೈಗೆ ಆ ಕೆಲಸದ ಪರಿಚಯವೇ ಆಗಿಲ್ಲದುದರಿಂದ ನಡುಗುವುದು.

ಈ ಸೀಮೆಗೆ ಕಚೇರಿಯ ವಿದ್ಯೆಯು ಹೊಸದಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ತೀರ್ಥಹಳ್ಳಿಯ ತಾಲ್ಲೂಕಿನಲ್ಲಿಯೇ ಇರುವ ಕವಲೇದುರ್ಗವು ಕೆಳದಿಯ ಅರಸರ ಕೋಟೆ. ಆ ವಂಶದ ಶಿವಪ್ಪನಾಯಕನು 1645 ರಿಂದ 1660 ರವರೆಗೆ ಆಳಿದನು. ಅವನ ಭೂಕಂದಾಯದ ಏರ್ಪಾಡಿಗೆ 'ಶಿಸ್ತು' ಎಂದು ಹೆಸರು. ಭೂಮಿಗಳನ್ನು ಐದು ತರಗತಿಗಳಾಗಿ ವಿಂಗಡಿಸಿ, 12 ವರ್ಷಗಳ ಕಾಲ ಬೆಳೆ ತೆಗೆಯಿಸಿ, ಬಿತ್ತಿದ ಬೀಜವನ್ನೂ ದುಡಿಮೆಯ ವೆಚ್ಚವನ್ನೂ ಬಂದ ಫಸಲನ್ನೂ ಅದರ ಬೆಲೆಯನ್ನೂ ಬರೆಯಿಸಿ, ಸರಾಸರಿಯನ್ನು ಕಟ್ಟಿ, ಮೂರನೆಯ ಒಂದು ಭಾಗವನ್ನು ಅರಮನೆಗೆ ಗೊತ್ತುಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ಕಥನವನ್ನು ಕೇಳಿದವರೆಲ್ಲರೂ ಅರಸನ ದೂರದೃಷ್ಟಿಯನ್ನು ಕೊಂಡಾಡುವರು. ಅದು ನ್ಯಾಯವೇ. ಆದರೆ ಆ ಹನ್ನೆರಡು ವರ್ಷಗಳೂ ಒಂದೇ ಕ್ರಮದಿಂದ ಅಂಕಿಗಳನ್ನು ಬರೆದಿಟ್ಟ ಕರಣಿಕರನ್ನು ಯಾರೂ ನೆನೆಯುವುದಿಲ್ಲ. ಒಬ್ಬನು ಬರೆದ ಕ್ರಮವು ಇನ್ನೊಬ್ಬನ ಕ್ರಮಕ್ಕೆ ಹೊಂದದಿದ್ದರೆ ಸರಾಸರಿಯೆಂಬುದೇ ಹುಟ್ಟದು. ಇಂದು ಕನ್ನಡಿಗರು ನಡತೆಯ ಕ್ರಮಕ್ಕೆ ಶಿಸ್ತೆಂದು ಹೇಳುವಾಗ, ಆ ಮಾತಿನ ಹಿಂದೆ ಒಂದು ಲೆಕ್ಕದ ಪುಸ್ತಕವೂ ಇದ್ದಿತೆಂಬುದು ಮರೆತುಹೋಗಿದೆ.

ಆ ಕರಣಿಕರು ಎಲ್ಲಿ ಕಲಿತರು? ಪಾಠಶಾಲೆಯಲ್ಲಿ ಅಕ್ಷರವನ್ನೂ ಅಂಕಗಣಿತವನ್ನೂ ಮಗ್ಗಿಯನ್ನೂ ಕಲಿತರು. ಕಚೇರಿಯ ಕೆಲಸವನ್ನಾದರೋ ಮನೆಯ ಜಗುಲಿಯಲ್ಲಿ ಕಲಿತರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಒರಸಬಹುದು, ಮತ್ತೆ ಬರೆಯಬಹುದು. ಹುಡುಗನು ತಂದೆಯ ಮಗ್ಗುಲಲ್ಲಿ ಕುಳಿತು, ಮೊದಲು ತಂದೆಯು ಹೇಳಿದುದನ್ನು ಬರೆದು, ಆಮೇಲೆ ರೈತನು ಹೇಳಿದುದನ್ನು ಬರೆದು, ಕೊನೆಗೆ ತಾನೇ ನೋಡಿದುದನ್ನು ಬರೆಯುತ್ತಿದ್ದನು. ಇಲ್ಲಿ ಗಮನಿಸಬೇಕಾದುದೇನೆಂದರೆ, ಅವನು ಅಭ್ಯಾಸಮಾಡಿದ ಕಡತಕ್ಕೂ ಮುಂದೆ ಕಚೇರಿಯಲ್ಲಿ ಹಿಡಿದ ಕಡತಕ್ಕೂ ಭೇದವಿರಲಿಲ್ಲ. ಅದೇ ಬಟ್ಟೆ, ಅದೇ ಬಳಪ, ಅದೇ ರೈತ. ಆದುದರಿಂದ ವಿದ್ಯೆ ಮುಗಿದ ದಿನಕ್ಕೂ ಕೆಲಸ ತೊಡಗಿದ ದಿನಕ್ಕೂ ನಡುವೆ ಕಂದರವಿರಲಿಲ್ಲ.

ಆದರೆ ಈ ಏರ್ಪಾಡನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದಿತು. ಜಗುಲಿಯ ಮೇಲಿನ ಆ ಪಾಠವು ಜಗುಲಿಯ ಕೆಳಗೆ ನಿಂತವನ ಮಗನಿಗೆ ದೊರೆಯುತ್ತಿರಲಿಲ್ಲ. ಮಗಳಿಗಂತೂ ಯಾವ ಜಗುಲಿಯಲ್ಲಿಯೂ ದೊರೆಯುತ್ತಿರಲಿಲ್ಲ. ಮೈಸೂರು ಸರ್ಕಾರದವರು 1961 ರಲ್ಲಿ ಗ್ರಾಮಾಧಿಕಾರಗಳ ರದ್ದತಿಯ ಶಾಸನವನ್ನು ಮಾಡಿದರು. 1963 ರ ಫೆಬ್ರುವರಿ 1 ರಿಂದ ಅದು ಜಾರಿಗೆ ಬಂದಿತು. ಪಟೇಲಿಕೆ, ಶಾನುಭೋಗಿಕೆಗಳ ಹಕ್ಕುಗಳು ಅಳಿದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಯಾರಾದರೂ ಗ್ರಾಮಲೆಕ್ಕಿಗರಾಗಬಹುದೆಂಬ ಮಾರ್ಗವು ತೆರೆಯಿತು. ಇದು ಧರ್ಮವಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಹಕ್ಕಿನೊಂದಿಗೆ ಇನ್ನೊಂದು ವಸ್ತುವೂ ಅಳಿಯಿತೆಂಬುದನ್ನು ಮಾತ್ರ ಆಗ ಬಹುಜನರು ಎಣಿಸಲಿಲ್ಲ. ಮನೆಯಲ್ಲಿ ವೆಚ್ಚವಿಲ್ಲದೆ ನಡೆಯುತ್ತಿದ್ದ ತರಬೇತಿಯೂ ಹೋಯಿತು. ಬಾಗಿಲನ್ನು ಎಲ್ಲರಿಗೂ ತೆರೆದ ಮೇಲೆ, ಹಿಂದೆ ಒಂದು ಮನೆಯು ತನ್ನ ಮಕ್ಕಳಿಗೆ ಕೊಡುತ್ತಿದ್ದುದನ್ನು ಸಾರ್ವಜನಿಕ ಶಾಲೆಯು ಎಲ್ಲರ ಮಕ್ಕಳಿಗೂ ಕೊಡಬೇಕಾಗುತ್ತದೆ. ಕೊಡದೆ ಹೋದರೆ ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿಯೇ ಉಳಿಯುತ್ತದೆ.

ಸ್ವಲ್ಪಕಾಲ ಈ ಹೊಸ್ತಿಲನ್ನು ತಗ್ಗಿಸಿದವರು ಬೆರಳಚ್ಚಿನ ಶಾಲೆಯವರು. ಪೇಟೆಯ ಅಂಗಡಿಯ ಮೇಲಂತಸ್ತಿನಲ್ಲಿ ಒಂದು ಕೋಣೆ, ಅದರಲ್ಲಿ ಎಂಟು ಹತ್ತು ಯಂತ್ರ, ಗೋಡೆಯ ಮೇಲೊಂದು ಗಡಿಯಾರ. ದೊಡ್ಡ ಊರುಗಳಲ್ಲಿರುವವರು ಇಂಥ ಶಾಲೆಗಳನ್ನು ನೋಡಿ ನಕ್ಕಿರಬಹುದು. ಆದರೆ ಇವುಗಳ ಉಪಕಾರವು ಸಣ್ಣದಲ್ಲ. ದೇಶದಲ್ಲಿಯೇ ಗೋದ್ರೆಜ್ ಯಂತ್ರವು 1955 ರಲ್ಲಿ ಹೊರಬಂದ ತರುವಾಯ ಯಂತ್ರವು ಸಾಮಾನ್ಯರ ಶಾಲೆಗೂ ಎಟುಕುವಂತಾಯಿತು. ವಿದ್ಯಾರ್ಥಿಯು ತಿಂಗಳ ಶುಲ್ಕವನ್ನು ಕೊಟ್ಟು ದಿನಕ್ಕೆ ಒಂದು ಗಂಟೆಯ ಕಾಲ ಒಂದು ಯಂತ್ರವನ್ನು ತನ್ನದೆಂದು ಹಿಡಿಯುತ್ತಿದ್ದನು. ಆ ಗಂಟೆಯಲ್ಲಿ ಇನ್ನೊಬ್ಬನು ಅದನ್ನು ಮುಟ್ಟುವಂತಿಲ್ಲ. ಬೆರಳು ತಪ್ಪಿದರೆ ಶಾಲೆಯ ಯಜಮಾನನು ಶಬ್ದದಿಂದಲೇ ತಿಳಿದು ಗದರುತ್ತಿದ್ದನು. ಕೊನೆಗೆ ಸರ್ಕಾರದ ಪರೀಕ್ಷೆ, ಇಷ್ಟು ನಿಮಿಷಕ್ಕೆ ಇಷ್ಟು ಮಾತು ಎಂಬ ಅಳತೆ. ಅದರಲ್ಲಿ ತೇರ್ಗಡೆಯಾದವನು ಮರುದಿನವೇ ಯಾವ ಕಚೇರಿಯಲ್ಲಿ ಕುಳಿತರೂ, ಶಾಲೆಯಲ್ಲಿದ್ದ ಯಂತ್ರವೇ ಅಲ್ಲಿಯೂ ಇರುತ್ತಿತ್ತು. ಶಾನುಭೋಗನ ಮಗನ ಕಡತಕ್ಕೆ ಇದ್ದ ಗುಣವೇ ಈ ಯಂತ್ರಕ್ಕೂ ಇದ್ದಿತು. ಎಷ್ಟೋ ಬಡವರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಈ ಕೋಣೆಗಳ ಏಣಿಯನ್ನು ಹತ್ತಿ ಸರ್ಕಾರದ ಸಂಬಳವನ್ನು ಕಂಡರು.

ಯಂತ್ರವು ಬದಲಾದಾಗ ಈ ಸಮತೆಯು ಕೆಟ್ಟಿತು. ಗೋದ್ರೆಜ್ಜಿನವರು 2009 ರ ಸುಮಾರಿಗೆ ಬೆರಳಚ್ಚು ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿದರು. ಅದಕ್ಕೆ ಮೊದಲೇ, 2000 ದ ಸುಮಾರಿನಲ್ಲಿ, ಕರ್ನಾಟಕದ ಕಂದಾಯ ಇಲಾಖೆಯು 'ಭೂಮಿ' ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. 2011 ರ ಸಕಾಲ ಶಾಸನವು ಇಂತಿಂಥ ಅರ್ಜಿಗೆ ಇಷ್ಟು ದಿನಗಳೊಳಗೆ ಉತ್ತರವಾಗಬೇಕೆಂದು ಗೊತ್ತುಮಾಡಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನು ವಿಧಿಸಿತು. 2012 ರ ನಿಯಮಗಳಿಂದ ಸರ್ಕಾರಿ ನೌಕರರಿಗೆ ಗಣಕಯಂತ್ರದ ಪರೀಕ್ಷೆಯು ಕಡ್ಡಾಯವಾಯಿತು. ಹೀಗೆ ಕಚೇರಿಯು ತನ್ನ ನೌಕರರಿಂದ ಬೇಡುವುದು ಇಮ್ಮಡಿಯಾಯಿತು, ಮುಮ್ಮಡಿಯಾಯಿತು. ಕಲಿಸುವ ಶಾಲೆಯ ಕೋಣೆಯು ಅದೇ ವೇಗದಲ್ಲಿ ಬೆಳೆಯಲಿಲ್ಲ.

ಕೋಣೆಯ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಇಲ್ಲವಾದರೆ ಸಾಧನವೆಂಬ ಮಾತು ಗಾಳಿಯಲ್ಲಿ ಉಳಿಯುತ್ತದೆ. ಹಲವು ಶಾಲೆಗಳಲ್ಲಿ ಯಂತ್ರಗಳಿರುವುದು ನಿಜ; ಪರೀಕ್ಷಕರು ಬಂದ ದಿನ ಅವುಗಳ ಮೇಲಿನ ಹೊದಿಕೆಯನ್ನು ತೆಗೆಯುವುದೂ ನಿಜ. ಒಂದು ಯಂತ್ರದ ಮುಂದೆ ನಾಲ್ವರು ಕುಳಿತರೆ ಒಬ್ಬನು ಒತ್ತುತ್ತಾನೆ, ಮೂವರು ನೋಡುತ್ತಾರೆ. ಒತ್ತುವವನು ಪ್ರತಿದಿನವೂ ಒಬ್ಬನೇ. ಅವನು ಮನೆಯಲ್ಲಿಯೂ ಯಂತ್ರವಿರುವವನು. ನೋಡುವ ಮೂವರಿಗೆ ಮೂರು ವರ್ಷಗಳ ಕೊನೆಗೆ ಕಣ್ಣಿನ ವಿದ್ಯೆಯು ಬಂದಿರುತ್ತದೆ, ಕೈಯ ವಿದ್ಯೆಯಲ್ಲ. ಇದರ ಮೇಲೆ ಮಲೆನಾಡಿನ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ನೆರೆಯ ಮೇಗರವಳ್ಳಿಯನ್ನು ಬಿಟ್ಟುಹೋಗುವುದಿಲ್ಲ. ಆಷಾಢದಲ್ಲಿ ಮರವೊಂದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಮರಳುವುದು ಯಾವಾಗಲೆಂದು ಯಾರೂ ಹೇಳಲಾರರು. ಥಂಡಿಯಿಂದ ಯಂತ್ರಗಳು ಕೆಡುತ್ತವೆ. ಶಾಲೆಯ ವರ್ಷವು ಆರಂಭವಾಗುವುದೂ ಇದೇ ಕಾಲದಲ್ಲಿ. ಆದುದರಿಂದ ಈ ಸೀಮೆಯಲ್ಲಿ ಯಂತ್ರವನ್ನು ಕೊಳ್ಳುವವರು ಅದರೊಂದಿಗೆ ಬ್ಯಾಟರಿಯನ್ನೂ ಕೊಳ್ಳದಿದ್ದರೆ ಅರ್ಧ ಹಣವನ್ನು ಹೊಳೆಗೆ ಚೆಲ್ಲಿದಂತೆಯೇ.

ಇನ್ನೊಂದು ಸಂಗತಿಯು ಹೊರಗಿನವರಿಗೆ ಕಾಣುವುದಿಲ್ಲ. ಲೆಕ್ಕ ಬರೆಯುವುದಕ್ಕೆ ಟ್ಯಾಲಿ ಎಂಬ ತಂತ್ರಾಂಶವು ದೇಶದಲ್ಲೆಲ್ಲಾ ಬಳಕೆಯಲ್ಲಿದೆ. ಇದು ಬೆಂಗಳೂರಿನವರದೇ; 1986 ರಲ್ಲಿ ಆರಂಭವಾದ ಸಂಸ್ಥೆ. ಅದನ್ನು ಪರವಾನಿಗೆಯ ಹಣವನ್ನು ಕೊಡದೆಯೂ ಕಲಿಕೆಗಾಗಿ ಉಪಯೋಗಿಸಬಹುದು. ಆದರೆ ಆ ಕಲಿಕೆಯ ರೂಪದಲ್ಲಿ ತಿಂಗಳ 1, 2 ಮತ್ತು ಕೊನೆಯ ತಾರೀಖುಗಳಲ್ಲಿ ಮಾತ್ರ ಬಾಬುಗಳನ್ನು ಬರೆಯಲು ಅವಕಾಶವಿರುತ್ತದೆ. ಸಂಸ್ಥೆಯವರು ಹೀಗೆ ಮಾಡಿರುವುದು ವ್ಯಾಪಾರದೃಷ್ಟಿಯಿಂದ ಸಹಜವೇ, ಅವರನ್ನು ದೂರಬೇಕಾದುದಿಲ್ಲ. ಪರವಾನಿಗೆಯನ್ನು ಕೊಳ್ಳಲಾರದ ಶಾಲೆಯ ಮಕ್ಕಳ ಗತಿಯನ್ನು ಮಾತ್ರ ಯೋಚಿಸಬೇಕು. ಅವರ ಪ್ರಪಂಚದಲ್ಲಿ ತಿಂಗಳಿಗೆ ಮೂರೇ ದಿನಗಳು. ಸಂತೆಯ ದಿನವೂ ಇಲ್ಲ, ಸಂಬಳದ ಬಟವಾಡೆಯ ದಿನವೂ ಇಲ್ಲ. ಹದಿನೈದನೆಯ ತಾರೀಖಿನ ರಸೀತಿಯನ್ನು ಒಂದನೆಯ ತಾರೀಖಿಗೆ ಬರೆದು ಅಭ್ಯಾಸವಾದ ಕೈಗೆ, ದಿನದಿನದ ನಗದನ್ನು ದಿನದಿನವೂ ತಾಳೆನೋಡುವುದು ಹೇಗೆ ಬರಬೇಕು? ಲೆಕ್ಕವೆಂಬುದು ಮೊತ್ತವನ್ನು ಸರಿಮಾಡುವ ಚಮತ್ಕಾರವಲ್ಲ, ನಡೆದುದನ್ನು ನಡೆದ ದಿನವೇ ಬರೆಯುವ ವ್ರತ. ಆ ವ್ರತವನ್ನು ಕಲಿಸಬೇಕಾದ ಕೋಣೆಯೇ ಅದನ್ನು ಮುರಿಯಲು ಕಲಿಸಿದಂತಾಗುತ್ತದೆ.

ಕನ್ನಡದ ಬರವಣಿಗೆಯದು ಬೇರೊಂದು ಕಷ್ಟ. 1963 ರ ರಾಜಭಾಷಾ ಶಾಸನದಿಂದೀಚೆಗೆ ಕನ್ನಡವು ಆಡಳಿತದ ಭಾಷೆ. ಕನ್ನಡ ಗಣಕ ಪರಿಷತ್ತಿನವರು 'ನುಡಿ' ಎಂಬ ತಂತ್ರಾಂಶವನ್ನು ಕೊಟ್ಟು ಉಪಕಾರಮಾಡಿದರು. ಕಚೇರಿಗಳಲ್ಲಿ ಹಳೆಯ ನುಡಿಯ ಅಕ್ಷರಗಳಲ್ಲಿ ಬರೆದ ಕಡತಗಳು ರಾಶಿರಾಶಿಯಾಗಿವೆ. ಈಚಿನವು ಯೂನಿಕೋಡ್ ಎಂಬ ಜಗದ್ವ್ಯಾಪ್ತಿಯಾದ ಕ್ರಮದಲ್ಲಿವೆ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸದೆ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಪದವೀಧರನು ಮೊದಲ ದಿನವೇ ಎದುರಿಸುವ ಸಂಕಟವಿದು. ಆದರೆ ಅನೇಕ ಕಡೆಗಳಲ್ಲಿ ಕನ್ನಡದ ಕೀಲಿಮಣೆಯ ಅಭ್ಯಾಸವನ್ನೇ ಮಾಡಿಸುವುದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅದೂ ಪುಸ್ತಕದ ಸಾಲು, ಒತ್ತಿದರೆ ಸಾಕೆಂದು ಬಿಡುತ್ತಾರೆ. ತಹಸೀಲ್ದಾರರ ಕಚೇರಿಗೆ ಬರುವ ಅರ್ಜಿಯು ಇಂಗ್ಲಿಷಿನಲ್ಲಿ ಬರುವುದೆ? ಕೊಟ್ಟಿಗೆಯ ಗೋಡೆ ಕುಸಿದವನು ಯಾವ ಭಾಷೆಯಲ್ಲಿ ಬರೆಯುತ್ತಾನೆ?

ಊರಿನ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು 1939 ರಲ್ಲಿ ಹುಟ್ಟಿದುದು. ಮ್ಯಾಮ್ಕೋಸ್ ಎಂದು ಮನೆಮಾತಾಗಿದೆ. ಇಂಥ ಸಂಘಗಳೂ, ಸಹಕಾರ ಬ್ಯಾಂಕುಗಳೂ, ಮಂಡಿಗಳೂ ಈ ಸೀಮೆಯ ಪದವೀಧರರಿಗೆ ಹತ್ತಿರದ ಕಚೇರಿಗಳು. ಇಲ್ಲಿ ಬರುವ ಅಡಿಕೆಯು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆಯಾಗುತ್ತದೆ. ಒಂದೊಂದಕ್ಕೆ ಒಂದೊಂದು ಧಾರಣೆ. ತೂಕ, ಚೀಲ, ಹಮಾಲಿ, ಬೆಳೆಗಾರನು ಮೊದಲೇ ಪಡೆದ ಮುಂಗಡ, ಅದರ ಬಡ್ಡಿ, 2017 ರ ಜುಲೈ 1 ರಿಂದ ಬಂದ ಸರಕು ಮತ್ತು ಸೇವಾ ತೆರಿಗೆ, ಇವೆಲ್ಲವೂ ಪಟ್ಟಿಯಲ್ಲಿ ಸೇರಬೇಕು. ಪಠ್ಯಪುಸ್ತಕದಲ್ಲಿ 'ಒಂದು ವ್ಯಾಪಾರಸಂಸ್ಥೆಯು ಪೀಠೋಪಕರಣಗಳನ್ನು ಕೊಂಡಿತು' ಎಂಬ ಲೆಕ್ಕವನ್ನು ನೂರು ಸಲ ಬಿಡಿಸಿದವನು ಈ ಪಟ್ಟಿಯ ಮುಂದೆ ತಬ್ಬಿಬ್ಬಾಗುವನು. ಸೋಜಿಗವೇನೆಂದರೆ ಅವನ ತಾಯಿಗೆ ಸರಕಿಗೂ ಬೆಟ್ಟೆಗೂ ಇರುವ ಭೇದವು ಕತ್ತಲಲ್ಲಿ ಮುಟ್ಟಿದರೂ ತಿಳಿಯುತ್ತದೆ. ತಾಯಿಯ ಕೈಯಲ್ಲಿರುವ ವಿದ್ಯೆಯೂ ಮಗನ ಪುಸ್ತಕದಲ್ಲಿರುವ ವಿದ್ಯೆಯೂ ಒಂದೇ ಮನೆಯಲ್ಲಿದ್ದು ಒಂದನ್ನೊಂದು ಕಾಣದೆ ಹೋಗಿವೆ.

ಈ ವಿಷಯದಲ್ಲಿ ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತವೆ. ಬುದ್ಧಿಯಿದ್ದವನಿಗೆ ಯಂತ್ರವೇಕೆ, ಅವನು ಕೆಲಸಕ್ಕೆ ಸೇರಿ ಹದಿನೈದು ದಿನಗಳಲ್ಲಿ ಕಲಿಯುತ್ತಾನೆ ಎಂದು ಹಿರಿಯರು ಕೆಲವರು ಹೇಳುವರು. ಕಲಿಯುತ್ತಾನೆ, ನಿಜ. ಆದರೆ ಆ ಹದಿನೈದು ದಿನಗಳನ್ನು ಅವನಿಗೆ ಕೊಡುವವರಾರು? ಕಚೇರಿಯವರು ಹತ್ತು ಜನರನ್ನು ಕರೆದು, ಈ ದಿನವೇ ಕೆಲಸವನ್ನು ಮಾಡಬಲ್ಲ ಒಬ್ಬನನ್ನು ಇಟ್ಟುಕೊಂಡು, ಒಂಬತ್ತು ಜನರನ್ನು ಕಳುಹಿಸಿಬಿಡುತ್ತಾರೆ. ಆ ಒಬ್ಬನು ಬಹುಮಟ್ಟಿಗೆ ಪಟ್ಟಣದ ಒಳ್ಳೆಯ ಶಾಲೆಯವನೋ, ಮನೆಯಲ್ಲಿ ಯಂತ್ರವಿದ್ದವನೋ ಆಗಿರುತ್ತಾನೆ. ಯಂತ್ರಗಳನ್ನು ತುಂಬಿಬಿಟ್ಟರೆ ಸರಿಹೋಗುತ್ತದೆಂಬುದು ಎರಡನೆಯ ಮಾತು. ಇದನ್ನು ದಾನಿಗಳಿಗೆ ಹೇಳುವುದು ಸುಲಭ, ದಾನಿಗಳ ಹೆಸರನ್ನು ಯಂತ್ರದ ಮೇಲೆ ಬರೆಯಿಸುವುದೂ ಸುಲಭ. ಕಚೇರಿಯನ್ನೇ ಕಾಣದ ಉಪಾಧ್ಯಾಯನಿಗೆ ನಲವತ್ತು ಯಂತ್ರಗಳನ್ನು ಕೊಟ್ಟರೂ ಅವನು ಯಂತ್ರದ ಭಾಗಗಳ ಹೆಸರನ್ನು ಬರೆಯಿಸಿ ಬಾಯಿಪಾಠ ಮಾಡಿಸುವನು. ಇವೆರಡರಲ್ಲಿ ಮೊದಲನೆಯ ಮಾತೇ ಹೆಚ್ಚು ಹಾನಿಕರವಾದುದು. ಏಕೆಂದರೆ ಅದು ಬಡವನ ಮಗುವಿಗೆ, 'ನಿನ್ನಲ್ಲಿ ಬುದ್ಧಿಯಿಲ್ಲ' ಎಂದು ಹೇಳಿ ಕಳುಹಿಸುತ್ತದೆ. ಇಲ್ಲದುದು ಬುದ್ಧಿಯಲ್ಲ, ಕೋಣೆ.

ಮೇಗರವಳ್ಳಿಯ ಕಡೆಯ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳಿರಿ. ತಾಯಿ ಅಡಿಕೆ ಸುಲಿಯುವವಳು. ಹುಡುಗಿಯು ಬೆಳಗ್ಗೆ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಸಾಯಂಕಾಲದ ಬಸ್ಸಿಗೆ ಮರಳಬೇಕು. ಕೊನೆಯ ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲ. ಶಾಲೆಯ ಯಂತ್ರಗಳು ಪಾಠದ ವೇಳೆಯಲ್ಲಿ ನಾಲ್ವರಿಗೊಂದು. ಬಿಡುವಾಗುವುದು ಸಾಯಂಕಾಲದ ಮೇಲೆ. ಆಗ ಅವಳು ಬಸ್ಸಿನಲ್ಲಿರುತ್ತಾಳೆ. ಅವಳ ಮೂರು ವರ್ಷದ ಅಂಕಪಟ್ಟಿಯಲ್ಲಿ ಪ್ರಥಮ ದರ್ಜೆಯಿರಬಹುದು. ಅವಳ ಬೆರಳುಗಳು ಯಂತ್ರದ ಮೇಲೆ ಇದ್ದ ಗಂಟೆಗಳನ್ನು ಯಾರಾದರೂ ಎಣಿಸಿದರೆ, ಹಳೆಯ ಬೆರಳಚ್ಚಿನ ಶಾಲೆಯ ಹುಡುಗನು ಎರಡು ತಿಂಗಳಲ್ಲಿ ಮುಟ್ಟುತ್ತಿದ್ದ ಸಂಖ್ಯೆಯನ್ನು ಅವಳು ಮೂರು ವರ್ಷಗಳಲ್ಲಿಯೂ ಮುಟ್ಟಿರುವುದಿಲ್ಲ. ಮನೆಗೆ ಬಂದ ಸೊಸೆಗೆ ಒಲೆಯನ್ನೇ ತೋರಿಸದೆ ಅಡುಗೆ ಬಾರದೆಂದು ಹೀಗಳೆದ ಅತ್ತೆಯಂತೆ ಲೋಕವು ಅವಳೊಂದಿಗೆ ವ್ಯವಹರಿಸುತ್ತದೆ.

ಸರ್ಕಾರದವರು ಏನೂ ಮಾಡಿಲ್ಲವೆನ್ನುವಂತಿಲ್ಲ. 1961 ರ ಅಪ್ರೆಂಟಿಸ್ ಶಾಸನವನ್ನು 2014 ರಲ್ಲಿ ತಿದ್ದಿ, ಇಂಜಿನಿಯರಿಂಗ್ ಅಲ್ಲದ ಪದವೀಧರರೂ ಕಚೇರಿಗಳಲ್ಲಿ ಭತ್ಯವನ್ನು ಪಡೆದು ಕೆಲಸ ಕಲಿಯಲು ಅವಕಾಶವನ್ನು ಮಾಡಿದರು. ಜಗುಲಿಯ ಮೇಲಿನ ಹಳೆಯ ಪಾಠವನ್ನು ಎಲ್ಲರಿಗೂ ಹಂಚುವ ಕ್ರಮವಿದು. ದುರದೃಷ್ಟವಶಾತ್ ಹಳ್ಳಿಗಾಡಿನ ವಾಣಿಜ್ಯ ಪದವೀಧರರಲ್ಲಿ ಬಹುಮಂದಿಗೆ ಇದರ ಸುಳಿವೇ ಇಲ್ಲ. ಕರ್ನಾಟಕದ ಯುವನಿಧಿಯು 2024 ರ ಜನವರಿ 12 ರಂದು ಶಿವಮೊಗ್ಗೆಯಲ್ಲಿಯೇ ಆರಂಭವಾಯಿತು. ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷಗಳವರೆಗೆ. ಹಸಿದವನಿಗೆ ಅನ್ನವು ಬೇಕು, ಆ ಹಣವು ಬೇಡವೆನ್ನುವವರು ಹಸಿವನ್ನು ಕಾಣದವರು. ಆದರೆ ಆ ಎರಡು ವರ್ಷಗಳಲ್ಲಿ ಕೈಯು ಒಂದು ಕಡತವನ್ನೂ ಮುಟ್ಟದಿದ್ದರೆ ಮೂರನೆಯ ವರ್ಷದಲ್ಲಿ ಅದೇ ಬಾಗಿಲು, ಅದೇ ನಡುಕ.

ಈ ಸೀಮೆಯ ಮಠಗಳಿಗೆ ಮಾಡಲು ಸಾಧ್ಯವಾದುದು ಇದರಲ್ಲಿ ಕೆಲವುಂಟು. ಕನ್ನಡನಾಡಿನ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡಮಕ್ಕಳನ್ನು ಓದಿಸಿದುದು ಸರ್ವವಿದಿತ. ಅನ್ನವೂ ವಸತಿಯೂ ಇರುವ ನಿಲಯದಲ್ಲಿ ಒಂದು ಕೋಣೆಯನ್ನು ಅಭ್ಯಾಸಕ್ಕೆ ಬಿಟ್ಟರೆ, ಕೊನೆಯ ಬಸ್ಸಿನ ಭಯವಿಲ್ಲದೆ ರಾತ್ರಿ ಒಂಬತ್ತರವರೆಗೆ ಯಂತ್ರವು ಮಕ್ಕಳ ಕೈಯಲ್ಲಿರುತ್ತದೆ. ಹೆಣ್ಣುಮಕ್ಕಳ ನಿಲಯಕ್ಕೆ ಮೊದಲು ಕೊಡತಕ್ಕದ್ದು. ಯಂತ್ರಗಳು ನಾಲ್ಕೇ ಆಗಲಿ. ಒಬ್ಬರಿಗೆ ಒಂದು ಗಂಟೆ ಪೂರ್ತಿಯಾಗಿ ದೊರೆಯುವಂತೆ ಸರದಿಯನ್ನು ಗೋಡೆಯ ಮೇಲೆ ಬರೆದಿಡಲಿ. ತಂತ್ರಾಂಶದ ಪರವಾನಿಗೆಯನ್ನು ಕೊಂಡು ತಿಂಗಳ ಮೂವತ್ತೂ ದಿನಗಳನ್ನು ಆ ಮಕ್ಕಳಿಗೆ ದೊರಕಿಸಿಕೊಡಲಿ. ಶ್ರೀಮಠದ ಶಿಷ್ಯವರ್ಗದಲ್ಲಿ ಶಿರಸ್ತೇದಾರರಾಗಿ, ಬ್ಯಾಂಕಿನ ವ್ಯವಸ್ಥಾಪಕರಾಗಿ, ಸಂಘದ ಕಾರ್ಯದರ್ಶಿಗಳಾಗಿ ದುಡಿದು ನಿವೃತ್ತರಾದವರಿದ್ದಾರೆ. ಟಿಪ್ಪಣಿಯನ್ನು ಹೇಗೆ ಮಂಡಿಸಬೇಕು, ಬಂದ ಕಾಗದವನ್ನು ಆವಕದಲ್ಲಿ ಹೇಗೆ ದಾಖಲು ಮಾಡಬೇಕು, ಮೇಲಧಿಕಾರಿಗೆ ಅಹಿತವಾದುದನ್ನು ಮರ್ಯಾದೆಯಿಂದ ಹೇಗೆ ಬರೆಯಬೇಕು ಎಂಬುದು ಅವರಿಗೆ ಮೂವತ್ತು ವರ್ಷಗಳ ಅನುಭವ. ವಾರಕ್ಕೆ ಎರಡು ಸಾಯಂಕಾಲಗಳನ್ನು ಅವರು ಕೊಡಲಾರರೆ?

ಅಭ್ಯಾಸಕ್ಕೆ ಲೆಕ್ಕವು ಬೇಕೆಂದರೆ ಪುಸ್ತಕದ ಪೀಠೋಪಕರಣಗಳನ್ನು ಹುಡುಕಬೇಕಾದುದಿಲ್ಲ. ಈ ಮಹೋತ್ಸವದ ಕಾಣಿಕೆಯ ರಸೀತಿಗಳು, ದಾಸೋಹದ ಉಗ್ರಾಣಕ್ಕೆ ಬಂದ ಅಕ್ಕಿ, ಬೇಳೆ, ಬೆಲ್ಲ, ಕಾಯಿಗಳ ಪಟ್ಟಿ, ಚಪ್ಪರದವರ ಬಿಲ್ಲು, ದೂರದ ಭಕ್ತರಿಂದ ಬಂದ ಮತ್ತು ಇನ್ನೂ ಉತ್ತರ ಹೋಗದ ಕಾಗದಗಳು, ಇವೆಲ್ಲವೂ ಶ್ರೀಮಠದ ಕಚೇರಿಯಲ್ಲಿ ಕಟ್ಟುಕಟ್ಟಾಗಿ ಕುಳಿತಿವೆ. ಹಿರಿಯ ಗುಮಾಸ್ತರೊಬ್ಬರ ಮೇಲ್ವಿಚಾರಣೆಯಲ್ಲಿ ನಿಲಯದ ವಿದ್ಯಾರ್ಥಿಗಳೇ ಇವುಗಳನ್ನು ತಾರೀಖಿನ ಕ್ರಮದಿಂದ ದಾಖಲುಮಾಡಿ, ನಗದನ್ನು ತಾಳೆನೋಡಿ, ಕಾಗದಗಳಿಗೆ ಕನ್ನಡದಲ್ಲಿ ಉತ್ತರವನ್ನು ಸಿದ್ಧಪಡಿಸಿ ಶ್ರೀಗಳವರ ರುಜುವಿಗೆ ಒಪ್ಪಿಸಬಹುದು. ಮಹೋತ್ಸವವು ಮುಗಿದ ಮರುದಿನ ಬೆಳಗ್ಗೆಯೇ ಈ ಕೆಲಸಕ್ಕೆ ಕೈಹಾಕಲು ಅಡ್ಡಿಯಿಲ್ಲ, ಕಟ್ಟುಗಳು ಸಿದ್ಧವಾಗಿವೆ.